ಮಾವನ ಕೊಲ್ನಾಗೊ ಸೈಕಲ್: ಗಿರಿ ಹತ್ತಿಸುವುದೋ, ಗೋಡೆಗೆ ನೇತುಹಾಕುವುದೋ?

ಹಿರೇಕೊಳಲೆ ದಾರಿ

ನನ್ನ ಸೋದರಮಾವ ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು. ಇಟಲಿಯ ಜಿನೋವಾ ಬಂದರಿನಿಂದ ಅವರು ತಂದಿದ್ದ ಕೊಲ್ನಾಗೊ ಕಂಪನಿಯ ರೇಸಿಂಗ್ ಸೈಕಲ್ ಆಲ್ದೂರಿನ ತೋಟದ ಮನೆಯ ಅಟ್ಟದಿಂದ ಇಳಿದು ಈಗ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದಿದೆ. ಕೊಡುವಾಗ ಮಾವ ಹಾಕಿದ ಷರತ್ತು ಒಂದೇ: ಓಡಿಸುವುದಾದರೆ ತೆಗೆದುಕೊಂಡು ಹೋಗು, ನೋಡಲು ಇಡುವುದಾದರೆ ಅಟ್ಟದಲ್ಲೇ ಇರಲಿ.

ಕೆಂಪು ಬಣ್ಣ, ಅಲ್ಲಲ್ಲಿ ಎದ್ದಿದೆ. ಫೋರ್ಕಿನ ಕೆಳಭಾಗ ಕ್ರೋಮ್. ಪೈಪುಗಳನ್ನು ಕೂಡಿಸುವ ಲಗ್ಗುಗಳಲ್ಲಿ ಇಸ್ಪೀಟಿನ ಕಳಾವರ ಎಲೆಯ ಆಕಾರ ಕೊರೆದಿದೆ. ಹಬ್ಬು, ಬ್ರೇಕು, ಗೇರು, ಕ್ರ್ಯಾಂಕು, ಎಲ್ಲದರ ಮೇಲೂ ಇಟಲಿಯ ಬಿಡಿಭಾಗ ಕಂಪನಿ ಕಾಂಪನ್ಯೋಲೊದ ಹೆಸರು ಬರೆದಿದೆ. ಮುಂದೆ 52 ಮತ್ತು 42 ಹಲ್ಲಿನ ಚಕ್ರಗಳು, ಹಿಂದೆ ಆರು ಗೇರು, ಅದರಲ್ಲಿ ದೊಡ್ಡದಕ್ಕೆ 24 ಹಲ್ಲು. ಟೈರುಗಳನ್ನು ರಿಮ್ಮಿಗೆ ಅಂಟಿಸಿದ್ದಾರೆ. ಪಕ್ಕದ ಹತ್ತಿಬಟ್ಟೆ ಮುಟ್ಟಿದರೆ ಪುಡಿಯಾಗುತ್ತಿದೆ.

ಇದು ಯಾವ ಇಸವಿಯದು ಎಂದು ತಿಳಿಯುವುದು ಹೇಗೆ? ಟೈರಿಗೆ ಏನು ಮಾಡಲಿ? ಈ ಗೇರಿನಲ್ಲಿ ಮುಳ್ಳಯ್ಯನಗಿರಿ ಹತ್ತಲು ಸಾಧ್ಯವೇ? ಊರಿನ ಸೈಕಲ್ ಶಾಪಿನವರು ಪೆಡಲಿನ ಆಕ್ಸಲ್ ಆಡುತ್ತಿದೆ, ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಆ ಆಕ್ಸಲ್ ತಿರುಗುವ ಬೇರಿಂಗ್ ಭಾಗ) ಪೂರ್ತಿ ಬಿಚ್ಚಿ ಹೊಸದು ಹಾಕಿಬಿಡುತ್ತೇನೆ ಎಂದರು. ಅವರು ಸುತ್ತಿಗೆ ಎತ್ತಿಕೊಂಡದ್ದನ್ನು ನೋಡಿ, ನಾಳೆ ಬರುತ್ತೇನೆ ಎಂದು ಸೈಕಲ್ ಸಮೇತ ವಾಪಸ್ ಬಂದೆ.

ಹಾಸನದ ಲೇತ್

ಮೇಡಂ, ಬಹಳ ಒಳ್ಳೆಯ ಕೆಲಸ ಮಾಡಿದಿರಿ. ಸುತ್ತಿಗೆ ಇನ್ನೂ ಸ್ವಲ್ಪ ದಿನ ದೂರವೇ ಇರಲಿ.

ಮೊದಲು ಬಿ.ಬಿ. ವಿಷಯ. ಇಟಲಿಯ ಫ್ರೇಮುಗಳಲ್ಲಿ ಪೆಡಲಿನ ಆಕ್ಸಲ್ ಕೂರುವ ಕೊಳವೆಯ ಅಗಲ 70 ಮಿ.ಮೀ., ಥ್ರೆಡ್ಡಿನ ವ್ಯಾಸ 36 ಮಿ.ಮೀ., ಇಂಚಿಗೆ 24 ಸುತ್ತು. ನಮ್ಮ ಅಂಗಡಿಗಳಲ್ಲಿ ಸಿಗುವುದು ಇಂಗ್ಲಿಷ್ ಅಳತೆ: ಅಗಲ 68, ವ್ಯಾಸ 34.8. ಇಂಚಿಗೆ ಸುತ್ತು ಎರಡಕ್ಕೂ 24 ಆದ್ದರಿಂದ ಒಂದೇ ಎಂದು ಮೋಸ ಹೋಗುವವರು ಬಹಳ. ಇಂಗ್ಲಿಷ್ ಕಪ್ಪನ್ನು, ಅಂದರೆ ಬೇರಿಂಗ್ ಗುಂಡುಗಳು ಕೂರುವ ಥ್ರೆಡ್ಡಿನ ಬಟ್ಟಲನ್ನು, ಇಟಲಿಯ ಕೊಳವೆಗೆ ಹಾಕಿದರೆ ಥ್ರೆಡ್ ಹಿಡಿಯುವುದೇ ಇಲ್ಲ, ಸುಮ್ಮನೆ ಒಳಗೆ ಜಾರುತ್ತದೆ. ಆಮೇಲೆ ತಗಡು ಸುತ್ತಿ ಬಡಿದು ಕೂರಿಸುತ್ತಾರೆ. ಅಲ್ಲಿಗೆ ಫ್ರೇಮಿನ ಕಥೆ ಮುಗಿಯಿತು.

ಇನ್ನೊಂದು ಅಪಾಯವೂ ಇದೆ. ಇಂಗ್ಲಿಷ್ ಫ್ರೇಮಿನಲ್ಲಿ ಚೈನ್ ಬದಿಯ ಕಪ್ಪಿಗೆ ಎಡಥ್ರೆಡ್, ಅಂದರೆ ಅದನ್ನು ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಇಟಲಿಯವರು ಎರಡೂ ಕಡೆ ಬಲಥ್ರೆಡ್ಡೇ ಇಟ್ಟರು. ಅಭ್ಯಾಸದ ಕೈ ಬಿಚ್ಚುತ್ತೇನೆ ಎಂದುಕೊಂಡು ಬಿಗಿ ಮಾಡುತ್ತಲೇ ಹೋಗುತ್ತದೆ, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇನ್ನಷ್ಟು ಒತ್ತುತ್ತದೆ. ನಿಮ್ಮದು ಆಡುತ್ತಿರುವುದಕ್ಕೂ ಬಹುಶಃ ಇದೇ ಥ್ರೆಡ್ ಕಾರಣ. ಪೆಡಲ್ ತುಳಿದಾಗ ಆಕ್ಸಲ್ ಒಂದು ದಿಕ್ಕಿಗೆ ತಿರುಗಿದರೆ, ಗುಂಡುಗಳ ಮೂಲಕ ಕಪ್ಪಿನ ಮೇಲೆ ಬೀಳುವ ಒತ್ತಡ ಅದನ್ನು ವಿರುದ್ಧ ದಿಕ್ಕಿಗೆ ಚೂರು ಚೂರೇ ಜರುಗಿಸುತ್ತದೆ. ಬಲಬದಿಯಲ್ಲಿ ಅದು ಬಿಚ್ಚುವ ದಿಕ್ಕು. ಇಂಗ್ಲಿಷರು ಅಲ್ಲಿ ಎಡಥ್ರೆಡ್ ಹಾಕಿದ್ದು ಅದಕ್ಕೇ. ಇಟಲಿಯ ಕಪ್ಪನ್ನು ಚೆನ್ನಾಗಿ ಸ್ವಚ್ಛ ಮಾಡಿ, ಥ್ರೆಡ್ಡಿಗೆ ಅಂಟು ಹಚ್ಚಿ, ಉದ್ದ ಹಿಡಿಯ ಸ್ಪ್ಯಾನರಿನಿಂದ ಬಿಗಿದರೆ ವರ್ಷಗಟ್ಟಲೆ ಅಲುಗುವುದಿಲ್ಲ. ಕಪ್ಪಿನ ಒಳಮೈ ಗುಳಿ ಬೀಳದೆ ನುಣ್ಣಗಿದ್ದರೆ ಹೊಸದೇನೂ ಬೇಡ. ಕಾಲಿಂಚಿನ ಗುಂಡು ಹಾಸನದ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಹಿಂದಿನ ಹಬ್ಬಿಗೂ ಅದೇ ಗುಂಡು. ಮುಂದಿನ ಹಬ್ಬಿನದು ಸಣ್ಣದು, ಇಂಚಿನ 32ರಲ್ಲಿ 7 ಭಾಗ. ಕ್ಯಾಲಿಪರ್ ಇಟ್ಟು ಅಳೆದು ತನ್ನಿ, ಅಂಗಡಿಯವರ ಕಣ್ಣಳತೆ ನಂಬಬೇಡಿ.

ಇಸವಿ ಪತ್ತೆ ಮಾಡುವುದು ಸುಲಭ. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿನ ಮೈಮೇಲೆ ಪೇಟೆಂಟ್ ಎಂಬ ಮಾತಿನ ಪಕ್ಕ ಎರಡು ಅಂಕಿ ಇರುತ್ತವೆ, ನೋಡಿ. ಹಬ್ಬಿನ ಲಾಕ್‌ನಟ್ಟಿನ ಮೇಲೂ ಇಸವಿಯ ಕೊನೆಯ ಎರಡಂಕಿ ಒತ್ತಿರುತ್ತಾರೆ. ಕ್ರ್ಯಾಂಕುಗಳ ಹಿಂಬದಿಯಲ್ಲಿ ಒಂದೇ ಅಂಕಿ: ಅದು ವಜ್ರಾಕಾರದೊಳಗೆ ಇದ್ದರೆ 1970ರ ದಶಕ, ವೃತ್ತದೊಳಗೆ ಇದ್ದರೆ 1980ರ ದಶಕ. ನೋಡಿ ತಿಳಿಸಿ.

ಹಳೇ ಕಬ್ಬಿಣ

ಮೂಡಿಗೆರೆಯವನು, ಈಗ ಬೆಂಗಳೂರಿನಲ್ಲಿದ್ದೇನೆ. ಹಳೆಯ ಸೈಕಲ್ ಸಂಗ್ರಹ ನನ್ನ ಹುಚ್ಚು. ಮೇಡಂ, ನಿಮ್ಮ ಮಾವನ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ದಯವಿಟ್ಟು ಓಡಿಸಬೇಡಿ.

ಎರ್ನೆಸ್ಟೊ ಕೊಲ್ನಾಗೊ ಮಿಲಾನ್ ಹತ್ತಿರದ ಕಾಂಬಿಯಾಗೊ ಎಂಬ ಊರಿನಲ್ಲಿ 1954ರಲ್ಲಿ ಕೆಲಸ ಶುರು ಮಾಡಿದವರು. 1970ರಲ್ಲಿ ಅವರ ಸೈಕಲ್ ಮೇಲೆ ಮಿಕೆಲೆ ಡಾನ್ಚೆಲ್ಲಿ ಮಿಲಾನ್–ಸಾನ್ ರೆಮೊ ಪಂದ್ಯ ಗೆದ್ದ. ಸಾನ್ ರೆಮೊ ಹೂವಿಗೆ ಹೆಸರಾದ ಊರು, ಇಟಲಿಯವರು ಇಸ್ಪೀಟಿನ ಕಳಾವರವನ್ನು ಕರೆಯುವುದೂ ಹೂವು ಎಂದೇ. ನೀವು ಲಗ್ಗಿನಲ್ಲಿ ಕಂಡ ಕಳಾವರ ಎಲೆ ಕೊಲ್ನಾಗೊ ಗುರುತಾದದ್ದು ಆ ಗೆಲುವಿನ ನಂತರ. 1972ರಲ್ಲಿ ಬೆಲ್ಜಿಯಂನ ಸವಾರ ಎಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದ್ದೂ ಕೊಲ್ನಾಗೊ ಕಟ್ಟಿದ ಸೈಕಲ್ಲಿನಲ್ಲೇ.

ಇಂಥದ್ದು ಮಲೆನಾಡಿನ ಒಂದು ಅಟ್ಟದಲ್ಲಿ ಮೂಲ ಬಣ್ಣ, ಮೂಲ ಬಿಡಿಭಾಗಗಳ ಸಮೇತ ಉಳಿದದ್ದೇ ದೊಡ್ಡದು. ಬಣ್ಣ ಎದ್ದಿದೆ ಎಂದು ಹೊಸ ಬಣ್ಣ ಹೊಡೆಸಬೇಡಿ. ಒದ್ದೆಬಟ್ಟೆಯಲ್ಲಿ ಒರೆಸಿ, ಮೇಣ ಹಚ್ಚಿ, ಒಣಗಿದ ಕೋಣೆಯಲ್ಲಿ ಗೋಡೆಗೆ ಹಾಕಿ. ಓಡಿಸಲು ನೂರು ಸೈಕಲ್ ಸಿಗುತ್ತವೆ.

ಕಣದ ಕಾವಲು

ಆಲ್ದೂರಿನ ಬೆಳೆಗಾರ ನಾನು. ಅಟ್ಟದಲ್ಲಿ ಇಟಲಿ ಇದೆ ಎಂದು ಗೊತ್ತಿದ್ದರೆ ನಿಮ್ಮ ಮಾವನ ಮನೆಗೆ ಕಾಫಿಗೆ ಇನ್ನಷ್ಟು ಸಲ ಹೋಗುತ್ತಿದ್ದೆ.

ಬೆಂಗಳೂರಿನವರು ಗೋಡೆಗೆ ಹಾಕಿ ಎನ್ನುತ್ತಾರೆ, ನಮ್ಮ ಗೋಡೆ ನೋಡಿದ್ದಾರೆಯೇ? ಜುಲೈ ತಿಂಗಳಲ್ಲಿ ಆಲ್ದೂರಿನ ಗೋಡೆಯ ಮೇಲೆ ಹಾವಸೆ ಬೆಳೆಯುತ್ತದೆ. ಚರ್ಮದ ಸೀಟು, ಪೆಡಲಿನ ಪಟ್ಟಿ ಎಲ್ಲಕ್ಕೂ ಬೂಸ್ಟು. ನೇತುಹಾಕಿದ ಸೈಕಲ್ಲಿನ ಗ್ರೀಸು ಒಣಗಿ ಗಟ್ಟಿಯಾಗುತ್ತದೆ, ಪೈಪಿನೊಳಗಿನ ತೇವ ಹಾಗೇ ಉಳಿಯುತ್ತದೆ. ವಾರಕ್ಕೊಮ್ಮೆ ಓಡಿಸುವವನಿಗೆ ಎಲ್ಲಿ ಸದ್ದು ಬಂತು, ಎಲ್ಲಿ ತುಕ್ಕು ಹತ್ತಿತು ಎಂದು ಅಂದಂದೇ ತಿಳಿಯುತ್ತದೆ.

ಒಂದು ಎಚ್ಚರಿಕೆ. ಗೊಬ್ಬರದ ಗೋದಾಮಿನಲ್ಲಿ ಮಾತ್ರ ಇಡಬೇಡಿ. ಪೊಟ್ಯಾಷ್ ಅಂದರೆ ಕ್ಲೋರೈಡ್, ಉಪ್ಪಿನ ಸಂತತಿ. ಗಾಳಿಯ ತೇವ ಎಳೆದುಕೊಂಡು ಕ್ರೋಮನ್ನೂ ಅಲ್ಯುಮಿನಿಯಂ ಅನ್ನೂ ತಿನ್ನುತ್ತದೆ. ನಮ್ಮ ತೋಟದ ಔಷಧ ಹೊಡೆಯುವ ಯಂತ್ರಗಳ ಗತಿ ನೋಡಿ ಹೇಳುತ್ತಿದ್ದೇನೆ.

ಆದರೆ 42ಕ್ಕೆ 24 ಹಾಕಿಕೊಂಡು ಗಿರಿ ಹತ್ತುತ್ತೇನೆ ಎನ್ನುವುದು ಸೈಕಲ್ ಸವಾರಿಯಲ್ಲ, ಹರಕೆ.

ಕಡೂರು ಗಾಳಿ

ಹರಕೆ ಎಂದದ್ದು ಸರಿ. ಲೆಕ್ಕ ಹಾಕೋಣ.

ಈ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುತ್ತದೆ. 42ನ್ನು 24ರಿಂದ ಭಾಗಿಸಿದರೆ 1.75. ಅಂದರೆ ಅತಿ ಹಗುರ ಗೇರಿನಲ್ಲೂ ಪೆಡಲಿನ ಒಂದು ಸುತ್ತಿಗೆ ಸುಮಾರು 3.7 ಮೀಟರ್ ಮುಂದೆ ತಳ್ಳಬೇಕು. ಇಂದಿನ ರಸ್ತೆ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 32 ಇದ್ದರೆ ಅದೇ ಸುತ್ತಿಗೆ 2.2 ಮೀಟರ್ ಸಾಕು. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್, ಮುಳ್ಳಯ್ಯನಗಿರಿಯ ತುದಿ ಸುಮಾರು 1,930. ನಡುವಿನ ಎಂಟುನೂರು ಚಿಲ್ಲರೆ ಮೀಟರನ್ನು ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಏರಬೇಕು. ಸರಾಸರಿ ಕೇಳಿದರೆ ಪರವಾಗಿಲ್ಲ ಅನಿಸುತ್ತದೆ. ಕೈಮರ ದಾಟಿದ ಮೇಲೆ ಬೆಟ್ಟ ತನ್ನ ನಿಜಬಣ್ಣ ತೋರಿಸುತ್ತದೆ.

ಮುಂದಿನ ಚಕ್ರ ಸಣ್ಣದು ಮಾಡಲು ಆಗುವುದಿಲ್ಲ. ಆ ಕಾಲದ ಕಾಂಪನ್ಯೋಲೊ ಕ್ರ್ಯಾಂಕಿನಲ್ಲಿ ಬೋಲ್ಟುಗಳ ವೃತ್ತ 144 ಮಿ.ಮೀ.; ಅದಕ್ಕೆ 41 ಹಲ್ಲಿಗಿಂತ ಸಣ್ಣ ಚಕ್ರ ಕೂರುವುದಿಲ್ಲ. ಆದ್ದರಿಂದ ಹಿಂದೆ ದೊಡ್ಡದು ಮಾಡಬೇಕು. ಡಿರೇಲರ್ ಕಾಂಪನ್ಯೋಲೊದ ನುವೊವೊ ರೆಕಾರ್ಡ್ ಮಾದರಿ ಆಗಿದ್ದರೆ ಅದಕ್ಕೆ ಹೇಳಿರುವ ಮಿತಿ 26 ಹಲ್ಲು. 24ರಿಂದ 26ಕ್ಕೆ ಹೋದರೆ ಲಾಭ ಅಲ್ಪ. ಉದ್ದ ಕೈಯ ಹಳೆಯ ಜಪಾನಿ ಡಿರೇಲರ್ ಹಾಕಿ, 14ರಿಂದ 28 ಹಲ್ಲಿನ ಫ್ರೀವೀಲ್ (ಹಿಂದಿನ ಗೇರು ಚಕ್ರಗಳ ಗೊಂಚಲು) ಹಾಕಿದರೆ ಒಂದು ಸುತ್ತಿಗೆ 3.15 ಮೀಟರಿಗೆ ಇಳಿಯುತ್ತದೆ. ಗೇರಿನ ಸನ್ನೆಗಳು (ಲಿವರ್) ಕೆಳಪೈಪಿನ ಮೇಲಿರುತ್ತವಲ್ಲ, ಅವಕ್ಕೆ ಟಿಕ್ ಟಿಕ್ ಎಂಬ ಮೆಟ್ಟಿಲುಗಳಿಲ್ಲ, ಬರೀ ಘರ್ಷಣೆ. ಆದ್ದರಿಂದ ಯಾವ ಕಂಪನಿಯ ಫ್ರೀವೀಲ್ ಆದರೂ ಒಗ್ಗುತ್ತದೆ. ಕಿವಿ ಚುರುಕಾಗಿದ್ದರೆ ಸಾಕು.

ಹಳೇ ಕಬ್ಬಿಣ

ಕೊಲ್ನಾಗೊಗೆ ಜಪಾನಿ ಡಿರೇಲರೇ? ಕಡೂರಿನವರೇ, ಬೇಲೂರು ದೇವಸ್ಥಾನಕ್ಕೆ ಅಲ್ಯುಮಿನಿಯಂ ಕಿಟಕಿ ಹಾಕುತ್ತೀರಾ?

ಕಡೂರು ಗಾಳಿ

ಶಿಲಾಬಾಲಿಕೆಯರು ಗಿರಿ ಹತ್ತಬೇಕಾಗಿಲ್ಲ ಸರ್. ಒಂದು ಬೋಲ್ಟು, ಒಂದು ಕೇಬಲ್, ಒಂದು ಚೈನು. ಮೂಲ ಡಿರೇಲರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಬೇಕಾದಾಗ ಅರ್ಧ ಗಂಟೆಯಲ್ಲಿ ಮೊದಲಿನಂತೆ ಮಾಡಬಹುದು. ಮತ್ತೆ ಮೊದಲಿನ ಸ್ಥಿತಿಗೆ ತರಲಾಗದ ಬದಲಾವಣೆಯನ್ನು ನಾನೂ ಒಪ್ಪುವುದಿಲ್ಲ: ಬಣ್ಣ ಕೆರೆಯುವುದು, ಕೊಕ್ಕೆ ಬೆಸೆಯುವುದು, ಥ್ರೆಡ್ ಹೊಸದಾಗಿ ಕೊರೆಯುವುದು.

ಅಲ್ಲದೆ ಇಟಲಿಯವರೇ ಇವುಗಳನ್ನು ಓಡಿಸುತ್ತಾರೆ. ಟಸ್ಕನಿಯ ಗಾಯೊಲೆ ಇನ್ ಕಿಯಾಂಟಿ ಎಂಬ ಊರಿನಲ್ಲಿ 1997ರಿಂದ ಎರೋಯಿಕಾ ಎಂಬ ಸವಾರಿ ನಡೆಯುತ್ತದೆ. 1987ಕ್ಕಿಂತ ಹಿಂದಿನ ಸೈಕಲ್, ಕೆಳಪೈಪಿನ ಗೇರು ಸನ್ನೆ, ಪಟ್ಟಿ ಕಟ್ಟುವ ಪೆಡಲ್, ಹ್ಯಾಂಡಲ್ಲಿನ ಹೊರಗೆ ಕಾಣುವ ಬ್ರೇಕ್ ಕೇಬಲ್, ಇವು ನಿಯಮ. ರಸ್ತೆ ಮಾತ್ರ ಬಿಳಿ ಜಲ್ಲಿಯದು, ಧೂಳು ಬೇಕಾದಷ್ಟು. ಮಾಡಿದವರೇ ಜಲ್ಲಿಯಲ್ಲಿ ಓಡಿಸುವಾಗ ನಾವೇಕೆ ಮೇಣ ಹಚ್ಚಿ ಕೂರಬೇಕು?

ಬೇಲೂರು ಬಸ್ ಸ್ಟ್ಯಾಂಡ್

ಒಂದು ಪ್ರಶ್ನೆ. ಅಂಟಿಸುವ ಟೈರು ಅಂದರೆ ಪಂಕ್ಚರ್ ಆದಾಗ ಏನು ಮಾಡುತ್ತಾರೆ? ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಹಾಕಿ ಅಂಟಿಸಬಹುದೇ?

ಹಾಸನದ ಲೇತ್

ಬೇಡಪ್ಪ. ಪಂಕ್ಚರ್ ಸೊಲ್ಯೂಷನ್ ತೇಪೆಗೆ ಮಾತ್ರ. ರಿಮ್ಮಿಗೆ ಹಚ್ಚುವುದು ಬೇರೆ ಅಂಟು, ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಒತ್ತಡವನ್ನೂ ಬ್ರೇಕಿನ ಬಿಸಿಯನ್ನೂ ಅದು ತಡೆಯಬೇಕು.

ಟ್ಯೂಬುಲರ್ ಟೈರಿನಲ್ಲಿ ಟ್ಯೂಬನ್ನು ಟೈರಿನೊಳಗೇ ಇಟ್ಟು ಹೊಲಿದಿರುತ್ತಾರೆ. ಪಂಕ್ಚರ್ ಆದರೆ ದಾರಿಯಲ್ಲಿ ಇಡೀ ಟೈರನ್ನೇ ಕಿತ್ತು, ಸೀಟಿನ ಕೆಳಗೆ ಮಡಚಿ ಕಟ್ಟಿಕೊಂಡ ಇನ್ನೊಂದನ್ನು ಹಾಕುತ್ತಾರೆ. ಮನೆಗೆ ಬಂದ ಮೇಲೆ ಹೊಲಿಗೆ ಬಿಚ್ಚಿ, ತೇಪೆ ಹಾಕಿ, ಮತ್ತೆ ಹೊಲಿಯಬೇಕು. ಹಗುರ, ರಸ್ತೆಯ ಮೇಲೆ ತೇಲಿದಂತೆ ಹೋಗುತ್ತದೆ, ನಿಜ. ಆದರೆ ಬಟ್ಟೆ ಪುಡಿಯಾಗುತ್ತಿರುವ, ಅಂಟು ಒಣಗಿದ ಟೈರು ಹಾಕಿಕೊಂಡು ಗಿರಿಯಿಂದ ಇಳಿಯುವ ಯೋಚನೆ ಕನಸಿನಲ್ಲೂ ಬೇಡ. ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಂಡರೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ.

ನನ್ನ ಸಲಹೆ: ಈಗಿರುವ ಗಾಲಿಗಳನ್ನು ಹಾಗೇ ಎತ್ತಿಡಿ. ಸಾಮಾನ್ಯ ಟೈರು ಕೂರುವ 700ಸಿ ರಿಮ್ಮಿಗೆ, ಅಂದರೆ 622 ಮಿ.ಮೀ. ಅಳತೆಗೆ, ಇನ್ನೊಂದು ಜೊತೆ ಗಾಲಿ ಕಟ್ಟಿಸಿ. ಬ್ರೇಕಿನ ಕಟ್ಟೆ ತಾಗುವ ಜಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರ, ಆದ್ದರಿಂದ ಬ್ರೇಕು ಬದಲಿಸಬೇಕಾಗಿಲ್ಲ. ಊರಿನಲ್ಲಿ 28 ಇಂಚು ಎಂದು ಕೊಡುವ ರಿಮ್ಮು ತರಬೇಡಿ. ಹಾಲಿನವರ ಸೈಕಲ್ಲಿನ ಆ ರಿಮ್ಮಿನ ಅಳತೆ 635, ಫೋರ್ಕಿನೊಳಗೆ ತುರುಕಿದರೂ ಬ್ರೇಕು ಹೊಂದುವುದಿಲ್ಲ.

ಹಿರೇಕೊಳಲೆ ದಾರಿ

ಎಲ್ಲರಿಗೂ ಧನ್ಯವಾದ. ಟಾರ್ಚು, ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ ಹಿಡಿದು ಕೂತು ನೋಡಿದೆ. ಡಿರೇಲರಿನ ಮೇಲೆ ಪೇಟೆಂಟ್ 77. ಎರಡೂ ಹಬ್ಬಿನ ಲಾಕ್‌ನಟ್ಟುಗಳಲ್ಲಿ 77. ಎಡ ಕ್ರ್ಯಾಂಕಿನ ಹಿಂದೆ ವಜ್ರಾಕಾರದೊಳಗೆ 7. ಬಲ ಕ್ರ್ಯಾಂಕಿನಲ್ಲಿ ಮಾತ್ರ ವೃತ್ತ, ಅದರೊಳಗೆ 2. ಹಿಂದಿನ ಫೋರ್ಕಿನ ಒಳ ಅಂತರ 126 ಮಿ.ಮೀ. ಸೀಟಿನ ಕಂಬದ ಮೇಲೆ 27.2 ಎಂದು ಕೊರೆದಿದೆ, ಆದರೆ ಅದು ಅಲುಗುತ್ತಲೇ ಇಲ್ಲ. ನನಗೆ ಇನ್ನೂ ಎರಡು ಬೆರಳು ಕೆಳಗೆ ಇಳಿಯಬೇಕು.

ಹಾಸನದ ಲೇತ್

ಹಾಗಾದರೆ ಸೈಕಲ್ 1977 ಅಥವಾ 78ರದ್ದು. ಬಲ ಕ್ರ್ಯಾಂಕು 1982ರದ್ದು, ನಂತರ ಬದಲಾಗಿದೆ. ಮಾವನವರನ್ನು ಕೇಳಿ ನೋಡಿ. ಆ ಕಾಲದ ಅಲ್ಯುಮಿನಿಯಂ ಕ್ರ್ಯಾಂಕುಗಳಲ್ಲಿ ಬಲಗಡೆಯ ತೋಳು ನಕ್ಷತ್ರದ ಕೈಗಳಿಗೆ ಸೇರುವ ಮೂಲೆಯಲ್ಲಿ ಬಿರುಕು ಬಿಡುವುದುಂಟು. ಈಗಿರುವುದರಲ್ಲೂ ಆ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕೂದಲೆಳೆಯಷ್ಟು ಗೆರೆ ಕಂಡರೂ ತುಳಿಯಬೇಡಿ.

27.2 ಇದ್ದರೆ ಕೊಲಂಬಸ್ ಎಸ್‌ಎಲ್ ಪೈಪು ಇರಬೇಕು. ಮಿಲಾನಿನ ಕೊಲಂಬಸ್ ಕಂಪನಿ ಈ ಪೈಪುಗಳನ್ನು ಬೆಸುಗೆ ಬೀಳುವ ತುದಿಗಳಲ್ಲಿ 0.9 ಮಿ.ಮೀ. ದಪ್ಪ, ನಡುವೆ 0.6 ಮಿ.ಮೀ. ಮಾತ್ರ ಇರುವಂತೆ ಎಳೆಯುತ್ತಿತ್ತು. ಇಡೀ ಸೈಕಲ್ ಹತ್ತು ಕಿಲೋ ಆಸುಪಾಸಿಗೆ ನಿಲ್ಲುವುದು ಅದರಿಂದ. ಅದೇ ಕಾರಣಕ್ಕೆ ಒಳಗಿನ ತುಕ್ಕಿಗೆ ಹೆದರಬೇಕು: 0.6ರಲ್ಲಿ ಕಳೆದುಕೊಳ್ಳಲು ಏನೂ ಇಲ್ಲ.

ಸೀಟಿನ ಕಂಬ ಅಲ್ಯುಮಿನಿಯಂ, ಪೈಪು ಉಕ್ಕು. ನಡುವೆ ತೇವ ಸೇರಿದರೆ ಎರಡು ಲೋಹಗಳ ಮಧ್ಯೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಕೆಳಗಿನಿಂದ, ಅಂದರೆ ಬಿ.ಬಿ. ಬಿಚ್ಚಿದ ಕೊಳವೆಯ ಕಡೆಯಿಂದ, ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮೇಲಿನ ಬೋಲ್ಟು ಸಡಿಲಿಸಿ ಅಲ್ಲಿಂದಲೂ ಬಿಡಿ. ಕೆಲವು ದಿನ ದಿನವೂ ಬಿಡಬೇಕು. ಆಮೇಲೆ ಕಂಬವನ್ನು ವೈಸಿನಲ್ಲಿ ಹಿಡಿದು ಫ್ರೇಮನ್ನು ನಿಧಾನವಾಗಿ ತಿರುಗಿಸಬೇಕು. ಯಾರಾದರೂ ಗ್ಯಾಸ್ ಕಟ್ಟರಿನಿಂದ ಬಿಸಿ ಮಾಡೋಣ ಎಂದರೆ ಸೈಕಲ್ ಎತ್ತಿಕೊಂಡು ಓಡಿ.

ಕಣದ ಕಾವಲು

ಕಂಬ ಹೊರಬಂದ ಮೇಲೆ ಪೈಪಿನೊಳಗೆ ಬೇಯಿಸಿದ ಅಗಸೆ ಎಣ್ಣೆ ಸುರಿದು, ಎಲ್ಲ ಕಡೆಗೂ ಹರಿಯುವಂತೆ ತಿರುಗಿಸಿ, ಹೆಚ್ಚಿದ್ದನ್ನು ಬಸಿದು ಒಣಗಲು ಬಿಡಿ. ಬಡಗಿಗಳ ಹತ್ತಿರ ಸಿಗುತ್ತದೆ. ಒಳಗೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಕಂಬ ವಾಪಸ್ ಹಾಕುವಾಗ ಗ್ರೀಸ್ ಹಚ್ಚಲು ಮರೆಯಬೇಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಹಿರೇಕೊಳಲೆ ದಾರಿ

ಮಾವನಿಗೆ ಫೋನ್ ಮಾಡಿದೆ. ಲೇತ್ ಸರ್ ಹೇಳಿದ್ದು ಸರಿಯೇ. ಬಲ ಕ್ರ್ಯಾಂಕಿನಲ್ಲಿ ಬಿರುಕು ಕಂಡದ್ದರಿಂದ ಮುಂದಿನ ಪ್ರಯಾಣದಲ್ಲಿ ಜಿನೋವಾದಲ್ಲೇ ಬದಲಾಯಿಸಿಕೊಂಡು ಬಂದರಂತೆ. "ಫೋಟೊ ಕೂಡ ನೋಡದೆ ಹೇಳಿದರಾ?" ಎಂದು ಎರಡು ಸಲ ಕೇಳಿದರು. ಹಳೇ ಕಬ್ಬಿಣ ಸರ್, ಎಲ್ಲವೂ ಮೂಲ ಬಿಡಿಭಾಗ ಎಂಬ ನಿಮ್ಮ ಸಂತೋಷಕ್ಕೆ ಕಲ್ಲು ಹಾಕಿದ್ದಕ್ಕೆ ಕ್ಷಮಿಸಿ.

ಹಳೇ ಕಬ್ಬಿಣ

ಪರವಾಗಿಲ್ಲ. ಮೊದಲ ಒಡೆಯರೇ ಓಡಿಸುವುದಕ್ಕಾಗಿ ಬದಲಿಸಿದ್ದು ಎಂದ ಮೇಲೆ ನನ್ನ ವಾದ ಅರ್ಧ ಬಿದ್ದುಹೋಯಿತು. ಇನ್ನರ್ಧ ಉಳಿದಿದೆ: ಮಳೆಯಲ್ಲಿ ಬೇಡ. ಬಣ್ಣ ಎದ್ದ ಕಡೆ ಮೇಣ ಖಂಡಿತ ಹಚ್ಚಿ. ಇಂಟರ್ನೆಟ್ಟಿನಲ್ಲಿ ಹೊರದೇಶದ ಹಳೆಯ ಬಿಡಿಭಾಗ ಕಂಡು ಕೈ ತುರಿಸುತ್ತದೆ. ಬಳಸಿದ ವಸ್ತುಗಳ ಆಮದಿಗೆ ನಮ್ಮಲ್ಲಿ ನಿರ್ಬಂಧವಿದೆ, ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡರೆ ತಲೆನೋವು. ಜಪಾನಿ ಡಿರೇಲರ್ ಒಂದು ನನ್ನ ಪೆಟ್ಟಿಗೆಯಲ್ಲೇ ಇದೆ, ಉದ್ದ ಕೈಯದು. ಕೊಡುತ್ತೇನೆ. ಯಾರಿಗೂ ಹೇಳಬೇಡಿ.

ಕಡೂರು ಗಾಳಿ

ನಾವೆಲ್ಲ ಓದಿದೆವು ಸರ್.

ಹಿರೇಕೊಳಲೆ ಅಕ್ಕಾ, ಮೊದಲ ದಿನವೇ ಗಿರಿಯ ಕಡೆ ತಿರುಗಬೇಡಿ. ಬೇಲೂರು ರಸ್ತೆಯಲ್ಲಿ ಇಪ್ಪತ್ತೈದು ಕಿಲೋಮೀಟರಿನಷ್ಟು ಹೋಗಿ ಬನ್ನಿ, ಏರಿಳಿತ ಮಿತವಾಗಿದೆ. ಮಳೆಗಾಲದಲ್ಲಿ ನಮ್ಮ ಕಡೆ, ಸಖರಾಯಪಟ್ಟಣ, ಅಯ್ಯನಕೆರೆ ಕಡೆ ಬನ್ನಿ. ಮೂಡಿಗೆರೆಯಲ್ಲಿ ಸುರಿಯುವಾಗಲೂ ಇಲ್ಲಿ ರಸ್ತೆ ಒಣಗಿರುತ್ತದೆ, ಎದುರುಗಾಳಿ ಮಾತ್ರ ಪುಕ್ಕಟೆ. ಬ್ರೇಕಿನ ಹಳೆಯ ರಬ್ಬರ್ ಕಲ್ಲಾಗಿರುತ್ತದೆ, ಅದನ್ನು ಎಲ್ಲಕ್ಕಿಂತ ಮೊದಲು ಬದಲಿಸಿ. ಇಳಿಜಾರಿನಲ್ಲಿ ಹ್ಯಾಂಡಲ್ಲಿನ ಕೆಳಗಿನ ಬಾಗನ್ನೇ ಹಿಡಿಯಿರಿ. ಆ ಕಾಲದ ಬ್ರೇಕಿಗೆ ಮೇಲಿನಿಂದ ಒತ್ತಿದರೆ ಬಲ ಸಾಲುವುದಿಲ್ಲ. ಪೆಡಲಿನ ಪಟ್ಟಿಯನ್ನು ಪೇಟೆಯೊಳಗೆ ಸಡಿಲವಾಗಿಯೇ ಇಡಿ, ಕಾಲು ತೆಗೆಯುವಷ್ಟರಲ್ಲಿ ಎದುರಿಗೆ ಜೀಪು ಬಂದಿರುತ್ತದೆ. ವಾರಾಂತ್ಯದಲ್ಲಿ ಕೈಮರದ ರಸ್ತೆ ಪ್ರವಾಸಿಗರಿಗೇ ಬಿಟ್ಟುಬಿಡಿ.

ಬೇಲೂರು ಬಸ್ ಸ್ಟ್ಯಾಂಡ್

ಹೊಸ ಗಾಲಿ ಕಟ್ಟಿಸಿದರೆ ಈಗ ಇರುವ ಫ್ರೀವೀಲನ್ನೇ ಅದಕ್ಕೆ ಹಾಕಬಹುದೇ?

ಹಾಸನದ ಲೇತ್

ಬೇಡ. ಇಟಲಿಯ ಹಬ್ಬಿನ ಥ್ರೆಡ್ 35 ಮಿ.ಮೀ., ಈಗ ಸಿಗುವ ಹಬ್ಬಿನದು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಒಂದರದ್ದು ಇನ್ನೊಂದಕ್ಕೆ ಹೋಗುತ್ತದೆ, ಆದರೆ ಹಾಕಿ ತೆಗೆದು ಮಾಡುತ್ತಿದ್ದರೆ ಅಲ್ಯುಮಿನಿಯಂ ಹಬ್ಬಿನ ಥ್ರೆಡ್ ಸವೆಯುತ್ತದೆ. ಹಳೆಯ ಗಾಲಿಗೆ ಹಳೆಯ ಫ್ರೀವೀಲ್, ಹೊಸ ಗಾಲಿಗೆ ಹೊಸದು. ಅಂತರ 126 ಇರುವುದರಿಂದ ಏಳು ಗೇರಿನದೂ ಹಿಡಿಯುತ್ತದೆ.

ಮೇಡಂ, ಹಳೆಯ ಫ್ರೀವೀಲನ್ನು ಅಲ್ಲಿ ಯಾರ ಕೈಗೂ ಕೊಡಬೇಡಿ. ಅದಕ್ಕೆ ಎರಡು ಹಲ್ಲಿನ ಟೂಲ್ ಬೇಕು, ಜಾರಿದರೆ ಕಚ್ಚು ಮುರಿಯುತ್ತದೆ. ಟೂಲನ್ನು ಕ್ವಿಕ್ ರಿಲೀಸ್ ಸನ್ನೆಯಿಂದ, ಅಂದರೆ ಗಾಲಿಯನ್ನು ಸ್ಪ್ಯಾನರಿಲ್ಲದೆ ಬಿಗಿದು ಬಿಚ್ಚುವ ಲಿವರಿನಿಂದ, ಒತ್ತಿ ಹಿಡಿದು, ಟೂಲ್ ಕಡೆ ಕೆಳಗೆ ಬರುವಂತೆ ವೈಸಿನಲ್ಲಿ ಕಚ್ಚಿಸಿ, ಗಾಲಿಯನ್ನೇ ಸ್ಟೇರಿಂಗಿನಂತೆ ತಿರುಗಿಸಬೇಕು. ಚಳಿಯಲ್ಲಿ ಕೈ ಮರಗಟ್ಟಿ ಗಾಲಿಯ ನಟ್ಟು ಬಿಚ್ಚಲಾಗದ್ದರಿಂದ ಟುಲ್ಲಿಯೊ ಕಾಂಪನ್ಯೋಲೊ ಈ ಸನ್ನೆಯ ಯೋಚನೆ ಮಾಡಿದರು ಎಂದು ಹೇಳುತ್ತಾರೆ. ಫ್ರೀವೀಲ್ ಬಿಚ್ಚುವುದಕ್ಕೂ ಅದೇ ಒದಗುತ್ತದೆ. ಭಾನುವಾರ ಬೆಳಿಗ್ಗೆ ಹಾಸನಕ್ಕೆ ತನ್ನಿ, ವೈಸೂ ಇದೆ, ಟೂಲೂ ಇದೆ. ಎಣ್ಣೆ ಮಾತ್ರ ಇವತ್ತಿನಿಂದಲೇ ಬಿಡಲು ಶುರು ಮಾಡಿ.

ಹಿರೇಕೊಳಲೆ ದಾರಿ

ಬರುತ್ತೇನೆ ಸರ್. ಮಾವನೂ ಬರುತ್ತಾರಂತೆ, ಬಿ.ಬಿ. ಬಿಚ್ಚುವಾಗ ತಾವು ಪಕ್ಕದಲ್ಲೇ ಇರಬೇಕಂತೆ.

ಹಾಸನದ ಲೇತ್

ಬರಲಿ. ಸ್ಪ್ಯಾನರಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕೇ ಬೇಕು.